ಆಕಸ್ಮಿಕ ಮರಣದ ಮಹಜರನ್ನು ಎಷ್ಟು ನಂಬಬಹುದು?

(ಮದ್ದೂರು ತಾಲ್ಲೂಕು ಸೋಮನಹಳ್ಳಿಯಲ್ಲಿ ಊರ ಹಿರಿಯರ ಹಾಗೂ ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಜೆ ನಾಲ್ಕು ಮಾತನಾಡಬೇಕೆಂದು ನೀವು ಅಪ್ಪಣೆ ಕೊಡಿಸಿದಾಗ ವಿಷಯವನ್ನು ನಮ್ಮ ಇಷ್ಟಕ್ಕೆ ಬಿಟ್ಟಿರಿ. ಏಕೀಕರಣದ ಚರಿತ್ರೆಯನ್ನೋ, ಕಾವೇರಿಯ ನೀರಿನ ವ್ಯಾಜ್ಯವನ್ನೋ ನಾವು ಎತ್ತಿಕೊಳ್ಳುವೆವೆಂದು ನೀವು ಭಾವಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ನಾವು ಆರಿಸಿಕೊಂಡು ಬಂದಿರುವುದು ಅಷ್ಟು ಮಂಗಳಕರವಾದ ವಿಷಯವಲ್ಲ. ಮನುಷ್ಯನೊಬ್ಬನು ಹಠಾತ್ತಾಗಿ ಸತ್ತಾಗ, ಅವನು ಏತರಿಂದ ಸತ್ತನೆಂದು ಸರ್ಕಾರದ ಪರವಾಗಿ ಬರೆದಿಡುವ ಕಾಗದವೊಂದುಂಟು. ಧಾರವಾಡದ ಕಡೆಯವರು ಅದನ್ನು ಪಂಚನಾಮೆ ಎನ್ನುತ್ತಾರೆ. ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಮಹಜರು ಎನ್ನುತ್ತೇವೆ. ಆ ಕಾಗದವನ್ನು ನಂಬಬಹುದೇ, ನಂಬುವುದಾದರೆ ಎಷ್ಟರ ಮಟ್ಟಿಗೆ ಎಂಬುದೇ ಈ ಸಂಜೆಯ ಪ್ರಶ್ನೆ.

ಈ ಊರಿನಲ್ಲಿ ಹುಟ್ಟಿ ಮುಖ್ಯಮಂತ್ರಿಗಳೂ ರಾಜ್ಯಪಾಲರೂ ವಿದೇಶಾಂಗ ಸಚಿವರೂ ಆದ ಎಸ್. ಎಂ. ಕೃಷ್ಣ ಅವರು ತುಂಬು ವಯಸ್ಸಿನಲ್ಲಿ ತೀರಿಕೊಂಡರು. 2024ರ ಡಿಸೆಂಬರ್ 11ರಂದು ಇದೇ ಸೋಮನಹಳ್ಳಿಯ ಮಣ್ಣಿನಲ್ಲಿ ಸರ್ಕಾರಿ ಗೌರವದೊಡನೆ ಅವರ ಅಂತ್ಯಕ್ರಿಯೆ ನಡೆಯಿತು. ಅಂಥ ಸಾವಿನ ಕಾರಣವನ್ನು ಯಾರೂ ಕೇಳಲಿಲ್ಲ; ಕೇಳಬೇಕಾಗಿಯೂ ಇರಲಿಲ್ಲ. ಕೇಳಬೇಕಾದದ್ದು ಪಂಪಿನ ಮನೆಯ ಬಳಿಯಲ್ಲಿ, ನಾಲೆಯ ಏರಿಯ ಮೇಲೆ, ಹೆದ್ದಾರಿಯ ಮಗ್ಗುಲಿನಲ್ಲಿ ಬೆಳಗಿನ ಜಾವ ಸಿಕ್ಕುವ ದೇಹಗಳ ವಿಷಯದಲ್ಲಿ. ಅಲ್ಲಿಯೂ ನಾವು ಸಾಮಾನ್ಯವಾಗಿ ಕೇಳುವುದಿಲ್ಲ ಎಂಬುದು ನಮ್ಮ ದೂರು. ಆ ದೂರಿನಲ್ಲಿ ನಾವೂ ಒಬ್ಬ ಆರೋಪಿಗಳು. ಅದನ್ನು ಮೊದಲೇ ಹೇಳಿಬಿಡುತ್ತೇವೆ.

2015ನೆಯ ಇಸವಿ ಮಂಡ್ಯ ಸೀಮೆಯ ಕಬ್ಬಿನ ಬೆಳೆಗಾರರಿಗೆ ಎಂಥ ಕೆಟ್ಟ ವರ್ಷವಾಗಿತ್ತೆಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಬರಬೇಕಾದ ಬಾಕಿ ಬಾರದೆ, ಕಡಿಯುವವರಿಲ್ಲದೆ ಕಬ್ಬು ಗದ್ದೆಯಲ್ಲಿಯೇ ಒಣಗಿ, ಒಬ್ಬರ ಹಿಂದೊಬ್ಬರಂತೆ ರೈತರು ಪ್ರಾಣ ಕಳೆದುಕೊಂಡ ವರ್ಷವದು. ಆ ಮಳೆಗಾಲದಲ್ಲಿ ಈ ತಾಲ್ಲೂಕಿನದೇ ಒಂದು ಹಳ್ಳಿಗೆ, ನೆಂಟರ ಮನೆಯ ನಾಮಕರಣಕ್ಕೆಂದು ನಾವು ಹೋಗಿದ್ದೆವು. ಬೆಳಿಗ್ಗೆ ಎರಡೆಕರೆ ಕಬ್ಬಿನ ರೈತನೊಬ್ಬನ ದೇಹ ಅವನ ಪಂಪಿನ ಮನೆಯ ಬಳಿ ಸಿಕ್ಕಿತು. ಠಾಣೆಯವರು ಬಂದರು. ಪಂಚರು ಬೇಕಾಗಿದ್ದರು. "ನೀವು ಓದು ಬಲ್ಲವರು, ವಕೀಲರು ಬೇರೆ; ನೀವೇ ನಿಲ್ಲಬೇಕು" ಎಂದರು. ನಿಂತೆವು. ಸತ್ತವನ ಅಣ್ಣನನ್ನು ಕೇಳಿದರು. ಅವನು ನೆಲ ನೋಡುತ್ತ, "ಹೊಟ್ಟೆನೋವಿತ್ತು ಸ್ವಾಮಿ" ಎಂದನು. ಬರೆಯುವವರ ಲೇಖನಿ ಒಂದು ಗಳಿಗೆಯೂ ತಡೆಯದೆ ಓಡಿತು: ಬಹು ದಿನಗಳಿಂದ ಹೊಟ್ಟೆನೋವಿನಿಂದ ನರಳುತ್ತಿದ್ದು, ಅದನ್ನು ತಾಳಲಾರದೆ, ಜೀವನದಲ್ಲಿ ಜಿಗುಪ್ಸೆಗೊಂಡು. ಕೆಳಗೆ ನಾವು ರುಜು ಹಾಕಿದೆವು. ಮೇಲಿನದನ್ನು ಓದಲಿಲ್ಲ. ಅಲ್ಲಿ ಎಲೆ ಹಾಕಿದ್ದರು. ನಾವು ಊಟಕ್ಕೆ ಹೋದೆವು.

ಮೂರು ವರ್ಷಗಳ ತರುವಾಯ ಆ ರೈತನ ಹೆಂಡತಿ ಕಾಗದದ ಕಟ್ಟೊಂದನ್ನು ಹಿಡಿದು ನಮ್ಮ ಕಚೇರಿಗೆ ಬಂದಳು. ಸಾಲದ ಬಾಧೆಯಿಂದ ಪ್ರಾಣ ಕಳೆದುಕೊಂಡ ರೈತನ ಕುಟುಂಬಕ್ಕೆ ಸರ್ಕಾರವು 2015ರಿಂದ 5 ಲಕ್ಷ ರೂಪಾಯಿ ಪರಿಹಾರ ಕೊಡುತ್ತ ಬಂದಿದೆಯಷ್ಟೆ. ಸಾವು ನಿಜವಾಗಿ ಕೃಷಿಸಾಲದಿಂದ ಆದದ್ದೇ ಎಂದು ಉಪವಿಭಾಗಾಧಿಕಾರಿಗಳ ಸಮಿತಿ ಕಾಗದಗಳನ್ನು ನೋಡಿ ತೀರ್ಮಾನಿಸಬೇಕು. ಅವಳ ಅರ್ಜಿ ತಿರಸ್ಕೃತವಾಗಿತ್ತು. ಕಾರಣ ಒಂದೇ ಸಾಲು: ಮರಣವು ಹೊಟ್ಟೆನೋವಿನ ನಿಮಿತ್ತ ಉಂಟಾದುದೆಂದು ಮಹಜರಿನಿಂದ ಕಂಡುಬರುತ್ತದೆ. ಸಹಕಾರ ಸಂಘದ ಸಾಲದ ಪುಸ್ತಕ, ಒಡವೆಯ ಗಿರವಿ ಚೀಟಿ, ಪಹಣಿ ಎಲ್ಲವೂ ಆ ಕಟ್ಟಿನಲ್ಲಿದ್ದವು. ಆ ಸಾಲಿನ ಎದುರಿಗೆ ಅವು ನಿಲ್ಲಲಿಲ್ಲ. ಅವಳು ಮಹಜರಿನ ಕೊನೆಯ ಹಾಳೆಯನ್ನು ತಿರುವಿ, ಬೆರಳಿಟ್ಟು, "ಇದು ನಿಮ್ಮ ರುಜುವೇ ಅಲ್ಲವಾ ಸ್ವಾಮಿ?" ಎಂದು ಕೇಳಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ವಕೀಲರು ತನ್ನ ಕಡೆಯವರೇ ಎಂಬ ಭರವಸೆಯಿತ್ತು. ಅದನ್ನು ತಾಳಿಕೊಳ್ಳುವುದು ಕೋಪವನ್ನು ತಾಳಿಕೊಳ್ಳುವುದಕ್ಕಿಂತ ಕಷ್ಟವಾಯಿತು.

ಇಲ್ಲಿ ಸುಳ್ಳು ಹೇಳಿದವರಾರು? ಅಣ್ಣನು ಹೆದರಿದ್ದನು. ತಮ್ಮನು ತಾನಾಗಿ ಪ್ರಾಣ ಬಿಟ್ಟನೆಂಬ ಅಪಕೀರ್ತಿ, ಮನೆಯಲ್ಲಿ ಮದುವೆಗೆ ಬಂದ ಹುಡುಗಿ, ಸಾಲಗಾರರ ಹೆಸರು ಹೇಳಿದರೆ ಮುಂದೆ ಬರುವ ತೊಂದರೆ, ಹೊತ್ತು ಮುಳುಗುವ ಮುಂಚೆ ಹೆಣ ಕೈಗೆ ಬರಬೇಕೆಂಬ ಆತುರ, ಇವೆಲ್ಲವೂ ಅವನ ಆ ಎರಡು ಮಾತಿನ ಹಿಂದೆ ಇದ್ದವು. ಬರೆದವರು ಹೊಸದಾಗಿ ಏನನ್ನೂ ಕಲ್ಪಿಸಲಿಲ್ಲ. ಅವರ ಕೈಯಲ್ಲಿ ನೂರು ಸಲ ಬರೆದು ಸವೆದ ವಾಕ್ಯವೊಂದಿತ್ತು, ಅದನ್ನೇ ಬರೆದರು. ನಮ್ಮ ನಾಡಿನ ಠಾಣೆಗಳ ಹಳೆಯ ಕಡತಗಳನ್ನು ಬಿಚ್ಚಿ ನೋಡಿದರೆ, ಕನ್ನಡಿಗರಷ್ಟು ಹೊಟ್ಟೆನೋವಿನಿಂದ ಸಾಯುವ ಜನ ಲೋಕದಲ್ಲಿ ಮತ್ತೊಬ್ಬರಿಲ್ಲವೆಂದು ಪರದೇಶದ ಓದುಗನು ತಿಳಿದಾನು. ಇನ್ನು ನಾವು. ನಾವು ಸುಳ್ಳು ಹೇಳಲಿಲ್ಲ. ಓದದೆ ರುಜು ಮಾಡಿದೆವು. ಮೂವರಲ್ಲಿ ಹೆಚ್ಚು ಓದಿದವರೂ, ಕಡಿಮೆ ಭಯವಿದ್ದವರೂ ನಾವೇ ಆಗಿದ್ದೆವು.

ಈಗ ಕಾನೂನಿನ ಮಾತು. ಬೇಸರಪಡಬೇಡಿರಿ, ಚಿಕ್ಕದಾಗಿ ಮುಗಿಸುತ್ತೇವೆ.

ಇಂಗ್ಲೆಂಡಿನಲ್ಲಿ ಹಠಾತ್ ಮರಣಗಳನ್ನು ವಿಚಾರಿಸುವುದಕ್ಕೆಂದೇ ಕಾರೊನರ್ ಎಂಬ ಅಧಿಕಾರಿ 1194ರಿಂದ ಇದ್ದಾನೆ. ಅವನು ಪೋಲೀಸಿನವನಲ್ಲ, ಬಹಿರಂಗವಾಗಿ ಸಾಕ್ಷ್ಯ ಕೇಳಿ ತೀರ್ಪು ಹೇಳುವವನು. ಇಂಗ್ಲಿಷರು ಆ ಪದವಿಯನ್ನು ಹಿಂದೂಸ್ಥಾನಕ್ಕೂ ತಂದರು. ಆದರೆ ಪ್ರೆಸಿಡೆನ್ಸಿ ಪಟ್ಟಣಗಳಿಗೆ ಮಾತ್ರ. ಅದರ ಕಾಯಿದೆಯಾದುದು 1871ರಲ್ಲಿ. ಮದರಾಸಿನಲ್ಲಿ ಅದು 1889ರಲ್ಲಿಯೇ ಹೋಯಿತು. ಮುಂಬಯಿಯಲ್ಲಿ 1999ರ ವರೆಗೆ ಉಳಿದಿತ್ತು. ಮೈಸೂರು ಸೀಮೆಗೆ ಕಾರೊನರ್ ಬರಲೇ ಇಲ್ಲ. ನಮ್ಮಲ್ಲಿ ಆ ಕೆಲಸವು ಪೋಲೀಸಿನವರ ಪಾಲಿಗೆ, ತಹಸೀಲ್ದಾರರ ಪಾಲಿಗೆ, ಮತ್ತು ನೆರೆಹೊರೆಯ ಇಬ್ಬರು ಗೌರವಸ್ಥರ ಪಾಲಿಗೆ ಬಂದಿತು.

ಕನ್ನಡ ನಾಡು ಐದಾರು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲದಲ್ಲಿ ಸಾವಿನ ವಿಚಾರಣೆಯೂ ಹಾಗೆಯೇ ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ಬಿಜಾಪುರಗಳಲ್ಲಿ 1867ರ ಮುಂಬಯಿ ಗ್ರಾಮ ಪೋಲೀಸು ಕಾಯಿದೆಯ ಪ್ರಕಾರ ಊರಿನ ಪೋಲೀಸು ಪಾಟೀಲನೇ ತಿಳಿವಳಿಕೆಯುಳ್ಳ ಇಬ್ಬರನ್ನೋ ಹೆಚ್ಚು ಮಂದಿಯನ್ನೋ ಕೂಡಿಸಿಕೊಂಡು ಶವದ ಎದುರಿಗೆ ವಿಚಾರಣೆ ನಡೆಸಬೇಕಾಗಿತ್ತು. ಮೈಸೂರಿನಲ್ಲಿ ಪಟೇಲ ಶಾನುಭೋಗರು ವರದಿ ಮಾಡಿದರೆ ಠಾಣೆಯವರು ಬರುತ್ತಿದ್ದರು. 1956ರ ನವೆಂಬರ್ 1ರಂದು ನಾಡು ಒಂದಾಯಿತು. 1963ರಲ್ಲಿ ಪಟೇಲಗಿರಿ, ಶಾನುಭೋಗಿಕೆಗಳು ರದ್ದಾದುವು. ಪಟೇಲರ ದರ್ಪ ಹೋದದ್ದು ಒಳ್ಳೆಯದೇ. ಆದರೆ ಊರಿನೊಳಗೆ ಇದ್ದು, ಸತ್ತವನ ಸಾಲವನ್ನೂ ಸಂಕಟವನ್ನೂ ಬಲ್ಲ ಒಬ್ಬನು ವಿಚಾರಣೆಯ ಕಾಲದಲ್ಲಿ ಎದುರಿಗೆ ಇರುತ್ತಿದ್ದನೆಂಬ ಒಂದು ಅನುಕೂಲವೂ ಅದರೊಡನೆ ಹೋಯಿತು. ಆ ಜಾಗದಲ್ಲಿ ಈಗ ಉಳಿದಿರುವವರು ಪಂಚರು. ಎಂದರೆ ನೀವು, ನಾವು.

ಈಗ ನಡೆಯುತ್ತಿರುವ ಕಾನೂನು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಪ್ರಕರಣ. ಹಳೆಯ ದಂಡಪ್ರಕ್ರಿಯಾ ಸಂಹಿತೆಯ 174ನೆಯದೇ ಇದು, ಸ್ವಲ್ಪ ಬದಲಾವಣೆಯೊಡನೆ. ಆತ್ಮಹತ್ಯೆ, ಅಪಘಾತ, ಪ್ರಾಣಿಯಿಂದಲೋ ಯಂತ್ರದಿಂದಲೋ ಆದ ಸಾವು, ಅನುಮಾನಾಸ್ಪದ ಸಾವು, ಇವುಗಳ ಸುದ್ದಿ ಬಂದೊಡನೆ ಠಾಣಾಧಿಕಾರಿಯು ಮ್ಯಾಜಿಸ್ಟ್ರೇಟರಿಗೆ ತಿಳಿಸಿ, ಸ್ಥಳಕ್ಕೆ ಹೋಗಿ, ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಎದುರಿಗೆ ತನಿಖೆ ಮಾಡಿ, ಮೈಮೇಲಿನ ಗಾಯ, ಮುರಿತ, ಕಂದಿದ ಗುರುತುಗಳನ್ನು ವಿವರಿಸಿ, ಮರಣಕ್ಕೆ ಮೇಲುನೋಟಕ್ಕೆ ಕಾಣುವ ಕಾರಣವನ್ನು ಬರೆಯತಕ್ಕದ್ದು. 24 ಗಂಟೆಗಳೊಳಗೆ ಅದನ್ನು ಮೇಲಕ್ಕೆ ಕಳುಹಿಸತಕ್ಕದ್ದು. ಮೇಲುನೋಟಕ್ಕೆ ಕಾಣುವ ಕಾರಣ ಎಂಬ ಮಾತನ್ನು ದಯಮಾಡಿ ಗಮನಿಸಿರಿ. 1975ರಲ್ಲಿ ಪೊದ್ದ ನಾರಾಯಣನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಡಿಸಿ ಹೇಳಿತು: ಈ ತನಿಖೆಯ ಉದ್ದೇಶ ಸಾವು ಅನುಮಾನಾಸ್ಪದವೋ ಅಸ್ವಾಭಾವಿಕವೋ ಎಂದು ನೋಡುವುದು, ಹಾಗಿದ್ದರೆ ತೋರಿಕೆಯ ಕಾರಣವೇನೆಂದು ಹೇಳುವುದು, ಅಷ್ಟೆ. ಯಾರು, ಏಕೆ, ಹೇಗೆ ಎಂಬುದು ಅದರ ವ್ಯಾಪ್ತಿಯಲ್ಲಿಲ್ಲ. ಹೀಗಿರುವಾಗ ಆ ಹೆಂಗಸಿನ ಅರ್ಜಿಯನ್ನು ಕೊಂದ ಆ ಸಾಲು ಕಾನೂನು ಕೇಳಿದ್ದ ಸಾಲೇ ಅಲ್ಲ. ದೇಹದ ಮೇಲೆ ಹೊಟ್ಟೆನೋವು ಕಾಣುವುದಿಲ್ಲ. ಜಿಗುಪ್ಸೆ ಮೊದಲೇ ಕಾಣುವುದಿಲ್ಲ.

ಅದೇ ಪ್ರಕರಣದಲ್ಲಿ ನಮ್ಮಲ್ಲಿ ಹೆಚ್ಚಿನವರು ಗಮನಿಸದ ಮತ್ತೊಂದು ಮಾತಿದೆ. ವರದಿಗೆ ಪೋಲೀಸು ಅಧಿಕಾರಿಯೂ ಪಂಚರೂ, ಅಥವಾ ಪಂಚರಲ್ಲಿ ಅದನ್ನು ಒಪ್ಪುವಷ್ಟು ಮಂದಿಯೂ ರುಜು ಮಾಡಬೇಕೆಂದು ಅದು ಹೇಳುತ್ತದೆ. ಒಪ್ಪುವಷ್ಟು ಮಂದಿ! ಎಂದರೆ ಒಪ್ಪದಿರುವ ಹಕ್ಕನ್ನು ಕಾನೂನು ತಾನಾಗಿಯೇ ಪಂಚನ ಕೈಗೆ ಕೊಟ್ಟಿದೆ. ಇಪ್ಪತ್ತು ವರ್ಷ ಕೋರ್ಟಿನಲ್ಲಿ ಓಡಾಡಿದ ನಾವು, ಒಬ್ಬ ಪಂಚನಾದರೂ "ಇದಕ್ಕೆ ನನ್ನ ಒಪ್ಪಿಗೆಯಿಲ್ಲ" ಎಂದು ಬರೆದದ್ದನ್ನು ಕಂಡಿಲ್ಲ. ಬದಲಿಗೆ ಕಂಡದ್ದು, ಐದಾರು ವರ್ಷಗಳ ಮೇಲೆ ಸಾಕ್ಷಿಕಟ್ಟೆಯಲ್ಲಿ ನಿಂತು, "ಠಾಣೆಯಲ್ಲಿ ರುಜು ಹಾಕಿಸಿಕೊಂಡರು, ಏನು ಬರೆದಿತ್ತೋ ತಿಳಿಯದು" ಎನ್ನುವ ಪಂಚರನ್ನು. ಒಂದು ಮಾತಿನಿಂದ ಇಡೀ ಕಾಗದ ಬಿದ್ದುಹೋಗುತ್ತದೆ. ಕೊಲೆಯಾಗಿದ್ದರೆ ಕೊಲೆಗಾರನಿಗೆ ಅನುಕೂಲ. ಆಗದಿದ್ದರೆ ನಿರಪರಾಧಿಗೆ ಸಂಕಟ.

ವಿಶೇಷ ಸಂದರ್ಭಗಳಲ್ಲಿ ಪೋಲೀಸಿನವರ ಮೇಲೊಬ್ಬರನ್ನು ಕಾನೂನು ಇಟ್ಟಿದೆ. ಮದುವೆಯಾದ ಏಳು ವರ್ಷಗಳೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ಸತ್ತರೆ ಮ್ಯಾಜಿಸ್ಟ್ರೇಟರು ವಿಚಾರಿಸುವ ಏರ್ಪಾಡು 1983ರ ತಿದ್ದುಪಡಿಯಿಂದ ಬಂತು. ನಮ್ಮಲ್ಲಿ ಆ ಕೆಲಸ ಮಾಡುವವರು ತಹಸೀಲ್ದಾರರು. ಪೋಲೀಸಿನವರ ವಶದಲ್ಲಿ ಇದ್ದವನು ಸತ್ತರೆ ನ್ಯಾಯಾಂಗದ ಮ್ಯಾಜಿಸ್ಟ್ರೇಟರೇ ವಿಚಾರಣೆ ನಡೆಸಬೇಕೆಂದು 2006ರಿಂದ ಕಡ್ಡಾಯವಾಯಿತು. ಹೂತ ದೇಹವನ್ನು ತೆಗೆಸಿ ಪರೀಕ್ಷೆ ಮಾಡಿಸುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗೆ ಉಂಟು. ಸುಟ್ಟ ದೇಹಕ್ಕೆ ಮಾತ್ರ ಯಾರ ಅಧಿಕಾರವೂ ನಡೆಯದು.

ಹಾಗಾದರೆ ಇಂಗ್ಲೆಂಡಿನಂತೆ ನಮಗೂ ಒಬ್ಬ ಕಾರೊನರ್ ಇದ್ದಿದ್ದರೆ ಎಲ್ಲವೂ ಸರಿಹೋಗುತ್ತಿತ್ತೆಂದು ಕೆಲವು ಸ್ನೇಹಿತರು ವಾದಿಸುತ್ತಾರೆ. ಅವರಿಗಾಗಿ ಆ ದೇಶದ್ದೇ ಒಂದು ಕಥೆ. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ಕಾಲ್ಚೆಂಡಿನ ಪಂದ್ಯ ನೋಡಲು ಬಂದ ಲಿವರ್‌ಪೂಲಿನ ಜನ ಕಟಕಟೆಯೊಳಗೆ ಸಿಕ್ಕಿ ನುಗ್ಗುನುರಿಯಾದರು. ಸತ್ತವರ ಸಂಖ್ಯೆ 96ಕ್ಕೆ ಮುಟ್ಟಿತು. ಕಾರೊನರ್ ವಿಚಾರಣೆ ನಡೆಸಿದನು. 1991ರಲ್ಲಿ ಜ್ಯೂರಿ ಹೇಳಿದ್ದು ಆಕಸ್ಮಿಕ ಮರಣವೆಂದು. ಅಪರಾಹ್ನ ಮೂರು ಗಂಟೆ ಹದಿನೈದು ನಿಮಿಷದ ಮುಂದಿನ ಸಾಕ್ಷ್ಯವನ್ನು ಅವನು ಕೇಳಲೇ ಇಲ್ಲ. ಅಷ್ಟು ಹೊತ್ತಿಗೆ ಎಲ್ಲರಿಗೂ ಪ್ರಾಣಾಂತಿಕ ಪೆಟ್ಟಾಗಿತ್ತೆಂಬುದು ಅವನ ನಿಲುವು. ಸತ್ತವರ ರಕ್ತದಲ್ಲಿ ಮದ್ಯವುಂಟೇ ಎಂದು, ಮಕ್ಕಳನ್ನೂ ಬಿಡದೆ, ಪರೀಕ್ಷೆ ಮಾಡಿಸಿದ್ದರು. ತಾಯಂದಿರು ಒಪ್ಪಲಿಲ್ಲ. 2012ರಲ್ಲಿ ಸ್ವತಂತ್ರ ಮಂಡಲಿಯೊಂದು ಹಳೆಯ ಕಡತಗಳನ್ನು ಬಿಚ್ಚಿ ನೋಡಿತು. ಪೋಲೀಸಿನವರ 164 ಹೇಳಿಕೆಗಳನ್ನು ತಿದ್ದಿದ್ದರು. ಅವುಗಳಲ್ಲಿ 116ರಿಂದ ಪೋಲೀಸಿಗೆ ಪ್ರತಿಕೂಲವಾದ ಮಾತುಗಳನ್ನು ತೆಗೆದುಹಾಕಿದ್ದರು. 41 ಮಂದಿ ಬದುಕಿ ಉಳಿಯುವ ಸಂಭವವಿತ್ತೆಂಬುದೂ ಆಗ ಹೊರಬಿದ್ದಿತು. ಹಳೆಯ ತೀರ್ಪು ರದ್ದಾಗಿ, ಹೊಸ ವಿಚಾರಣೆ ಎರಡು ವರ್ಷ ನಡೆದು, 2016ರ ಏಪ್ರಿಲ್ 26ರಂದು ಆ 96 ಮಂದಿಯೂ ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರೆಂದು ಜ್ಯೂರಿ ಸಾರಿತು. ಎಂಟುನೂರು ವರ್ಷದ ಪದವಿ, ಬಹಿರಂಗ ವಿಚಾರಣೆ, ಜ್ಯೂರಿ, ಎಲ್ಲವೂ ಇದ್ದು ಸತ್ಯಕ್ಕೆ 27 ವರ್ಷ ಹಿಡಿಯಿತು. ಕಾಗದಗಳು ಉಳಿದಿದ್ದವೆಂಬ ಒಂದೇ ಪುಣ್ಯದಿಂದ ಅಷ್ಟಾದರೂ ಆಯಿತು. ತಿದ್ದಿದ ಹೇಳಿಕೆಯ ಪಕ್ಕದಲ್ಲಿ ತಿದ್ದದ ಹೇಳಿಕೆಯೂ ಇದ್ದಿತು!

ಸರ್ಕಾರದ ಲೆಕ್ಕವನ್ನು ಜನ ನಂಬದಿರುವುದು ನಮ್ಮಲ್ಲಿಯೂ ಹೊಸದಲ್ಲ. ಇಲ್ಲಿಂದ ಕೆಲವೇ ಮೈಲಿ ದೂರದ ಶಿವಪುರದಲ್ಲಿ 1938ರ ಏಪ್ರಿಲಿನಲ್ಲಿ ನಮ್ಮ ಹಿರಿಯರು ಧ್ವಜ ಹಾರಿಸಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಸತ್ತವರೆಷ್ಟೆಂದು ಸರ್ಕಾರ ಹೇಳಿದ ಸಂಖ್ಯೆಗೂ ಜನರು ಎಣಿಸಿದ 32ಕ್ಕೂ ತಾಳೆ ಬೀಳಲಿಲ್ಲ. ಅದು ಪರಕೀಯರ ನೆರಳಿನ ಆಡಳಿತ ಎಂದು ಸಮಾಧಾನ ಹೇಳಿಕೊಳ್ಳೋಣವೆಂದರೆ, ನಮ್ಮದೇ ಆಡಳಿತದಲ್ಲಿ 2021ರ ಮೇ 2 ಮತ್ತು 3ರಂದು ನೆರೆಯ ಚಾಮರಾಜನಗರದ ಆಸ್ಪತ್ರೆಯಲ್ಲಿ ಒಂದು ದಿನದೊಳಗೆ 24 ರೋಗಿಗಳು ತೀರಿಕೊಂಡಾಗ, ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರೇ ಎಂದು ಸರ್ಕಾರದ ಕಡೆಯಿಂದ ಮೊದಲು ಹೇಳಿಕೆ ಬಂತು. ಉಚ್ಚ ನ್ಯಾಯಾಲಯದ ಮುಂದೆ ಬಂದ ನಿವೃತ್ತ ನ್ಯಾಯಮೂರ್ತಿಗಳ ಸಮಿತಿಯ ವರದಿ ಆ ಲೆಕ್ಕವನ್ನು ಒಪ್ಪಲಿಲ್ಲ.

ಆದರೆ ಮಿತ್ರರೆ, ಅಪನಂಬಿಕೆಯೂ ಎಲ್ಲ ಕಾಲಕ್ಕೂ ಸರಿಯಾಗಿರುವುದಿಲ್ಲ. 2015ರ ಮಾರ್ಚ್ 16ರಂದು ಐ.ಎ.ಎಸ್. ಅಧಿಕಾರಿ ಡಿ. ಕೆ. ರವಿ ಅವರ ದೇಹ ಬೆಂಗಳೂರಿನ ಅವರ ಮನೆಯಲ್ಲಿ ಸಿಕ್ಕಿತು. ಕೋಲಾರದಲ್ಲಿ ಮರಳು ಕಳ್ಳರನ್ನು ಎದುರುಹಾಕಿಕೊಂಡಿದ್ದ ತರುಣ, ಜನಪ್ರಿಯ. ಅದೇ ಸಂಜೆಯೇ, ಮೇಲುನೋಟಕ್ಕೆ ಆತ್ಮಹತ್ಯೆಯೆಂದು ಪೋಲೀಸು ಅಧಿಕಾರಿಗಳು ಹೇಳಿಕೆ ಕೊಟ್ಟರು. ನಾಡೆಲ್ಲ ಕೆರಳಿತು. ನಮ್ಮ ಮದ್ದೂರಿನ ವಕೀಲರ ನಡುವೆಯೂ ಅದನ್ನು ನಂಬಿದವರು ಕಡಿಮೆ, ನಾವೂ ನಂಬಲಿಲ್ಲ. ಮೊದಲು ಸಿ.ಐ.ಡಿ., ತರುವಾಯ ಸಿ.ಬಿ.ಐ. ತನಿಖೆ ನಡೆಯಿತು. ಕಟ್ಟಕಡೆಗೆ ಸಿ.ಬಿ.ಐ. ಹೇಳಿದ್ದೂ ಆತ್ಮಹತ್ಯೆಯೆಂದೇ. ಹಾಗಾದರೆ ಮೊದಲ ಸಂಜೆಯ ಮಾತೇ ನಿಜವಾಯಿತಲ್ಲವೆ? ಆಯಿತು. ಆದರೂ ಅದನ್ನು ಆ ಸಂಜೆ ಹೇಳಬಾರದಾಗಿತ್ತು. ಶವಪರೀಕ್ಷೆಯ ವರದಿ ಕೈಸೇರುವ ಮುಂಚೆ ಹೇಳಿದ ಸತ್ಯವೂ ಊಹೆಯೇ. ಊಹೆಯನ್ನು ತೀರ್ಪಿನ ಸ್ವರದಲ್ಲಿ ಹೇಳಿದುದರಿಂದ, ತೀರ್ಪು ನಿಜವಾಗಿ ಬಂದಾಗ ಅದನ್ನು ನಂಬುವ ಮನಸ್ಸು ಜನರಲ್ಲಿ ಉಳಿದಿರಲಿಲ್ಲ. ಆ ಪ್ರಕರಣದಲ್ಲಿ ನಾವು ತಪ್ಪಿದೆವೆಂದು ಒಪ್ಪಿಕೊಳ್ಳುತ್ತೇವೆ. ತಪ್ಪಿಗೆ ಪಾಲುದಾರರು ಬೇರೆಯವರೂ ಇದ್ದರೆಂದೂ ಹೇಳುತ್ತೇವೆ.

ಇನ್ನೊಂದು ಉದಾಹರಣೆ ನಿಮ್ಮ ನೆನಪಿನಲ್ಲಿ ಹಸಿಯಾಗಿಯೇ ಇರಬೇಕು. 2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸುದ್ದಿಯಿಲ್ಲದೆ ದಿನ ಬೆಳಗಾಗುತ್ತಿರಲಿಲ್ಲ. ಹರೆಯದವರು ಕುಳಿತಲ್ಲಿಯೇ ಕುಸಿಯುತ್ತಿದ್ದಾರೆಂದು ಪತ್ರಿಕೆಗಳು ದಿನಕ್ಕೊಂದು ಲೆಕ್ಕ ಹಾಕಿದುವು. ಲಸಿಕೆಯೇ ಕಾರಣವೆಂದರು ಕೆಲವರು, ಊರಿಗೆ ಗ್ರಹಚಾರವೆಂದರು ಇನ್ನು ಕೆಲವರು. ಎದೆ ಹಿಡಿದುಕೊಂಡು ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದ ಸಾಲು ನಿಂತವರಿಗೆ ಲೆಕ್ಕವಿರಲಿಲ್ಲ. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಒಂದೊಂದಾಗಿ ವಿಚಾರಿಸಿತು. 20 ಹೃದಯದ ಕಾಯಿಲೆಯಿಂದ ಆದುವು. ಉಳಿದ ನಾಲ್ಕಕ್ಕೆ ಹೃದಯವೇ ಕಾರಣವಲ್ಲ. ಒಬ್ಬರಿಗೆ ಮೂತ್ರಪಿಂಡದ ವ್ಯಾಧಿ, ಒಬ್ಬರಿಗೆ ರಸ್ತೆಯ ಅಪಘಾತ, ಒಬ್ಬರಿಗೆ ವಾಂತಿಭೇದಿ, ಒಬ್ಬರಿಗೆ ವಿದ್ಯುತ್ತಿನ ಆಘಾತವಿರಬಹುದು. ವಿದ್ಯುತ್ತಿನಿಂದ ಆದ ಸಾವೂ ಹೃದಯಾಘಾತದ ಲೆಕ್ಕಕ್ಕೆ ಸೇರಿ, ಜಿಲ್ಲೆಯನ್ನೇ ನಡುಗಿಸಿತ್ತು! ತಂತಿ ಸಡಿಲವಾಗಿದ್ದರೆ ಅದನ್ನು ಬಿಗಿಯುವವರಾರು? ಆಸ್ಪತ್ರೆಯ ಹೊರಗೆ ಹಠಾತ್ತಾಗಿ ಸತ್ತವರ ವರದಿಯೂ ಶವಪರೀಕ್ಷೆಯೂ ಕಡ್ಡಾಯವಾಗಬೇಕೆಂದು ಆ ಬಳಿಕ ಸರ್ಕಾರ ಘೋಷಿಸಿತು. ಕಾರಣ ಸ್ಪಷ್ಟವಾಗಿದೆ. ದೇಹವನ್ನು ತೆರೆದು ನೋಡದೆ ಹೃದಯಾಘಾತ ಎಂದು ಬರೆಯುವುದು ಹೊಟ್ಟೆನೋವು ಎಂದು ಬರೆಯುವುದಕ್ಕಿಂತ ಮೇಲಲ್ಲ. ಹಿಂದಿನ ಠಾಣೆಯ ಹೊಟ್ಟೆನೋವು ಈಗ ಮೇಲೇರಿ ಎದೆಗೆ ಬಂದಿದೆಯೆಂದು ನಮ್ಮ ಸ್ನೇಹಿತರಾದ ವೈದ್ಯರೊಬ್ಬರು ವಿನೋದಕ್ಕೆ ಹೇಳುವುದುಂಟು.

ವೈದ್ಯರ ಕಾಗದದ ಬಗೆಗೂ ಎರಡು ಮಾತು. ವಿಷದಿಂದಾದ ಸಾವಿನಲ್ಲಿ ಜಠರ, ಯಕೃತ್ತು, ಮೂತ್ರಪಿಂಡಗಳ ಭಾಗಗಳನ್ನೂ ರಕ್ತವನ್ನೂ ಸೀಸೆಗಳಲ್ಲಿ ತುಂಬಿ, ಮೊಹರು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅಲ್ಲಿಂದ ವರದಿ ಬರುವವರೆಗೆ ವೈದ್ಯರು ತಮ್ಮ ಅಂತಿಮ ಅಭಿಪ್ರಾಯವನ್ನು ತಡೆಹಿಡಿಯುತ್ತಾರೆ. ಹಾಗೆ ತಡೆಹಿಡಿಯುವುದು ಪ್ರಾಮಾಣಿಕರ ಲಕ್ಷಣ. ಅದನ್ನು ಕಂಡು ಏನೋ ಮುಚ್ಚಿಡುತ್ತಿದ್ದಾರೆಂದು ಗುಲ್ಲೆಬ್ಬಿಸಬೇಡಿರಿ. ವರದಿಯಲ್ಲಿ ವಿಷ ಸಿಕ್ಕಲಿಲ್ಲವೆಂದ ಮಾತ್ರಕ್ಕೆ ವಿಷವಿರಲಿಲ್ಲವೆಂದೂ ಅಲ್ಲ. ಕೆಲವು ವಿಷಗಳು ಆವಿಯಾಗಿ ಹೋಗುತ್ತವೆ, ಕೆಲವು ಕೊಳೆತ ದೇಹದಲ್ಲಿ ಗುರುತು ಸಿಕ್ಕದಂತೆ ಕರಗುತ್ತವೆ. ಸೀಸೆಯು ಠಾಣೆಯ ಮೂಲೆಯಲ್ಲಿ ಎಷ್ಟು ದಿನ ಕುಳಿತಿತ್ತೆಂಬುದನ್ನೂ ಕೇಳಬೇಕು. ನಾಲೆಯಲ್ಲಿ ಸಿಕ್ಕ ದೇಹದ ಪ್ರಶ್ನೆ ಇನ್ನೂ ತೊಡಕಿನದು: ನೀರಿಗೆ ಬಿದ್ದು ಸತ್ತನೋ, ಸತ್ತ ಮೇಲೆ ನೀರಿಗೆ ಬಿದ್ದನೋ? 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತಾಗ ಆ ಸಂದೇಹಕ್ಕೆ ಎಡೆಯಿರಲಿಲ್ಲ, ಕಂಡವರಿದ್ದರು. ಅದೇ ನಾಲೆಯಲ್ಲಿ ಒಬ್ಬಂಟಿಯಾಗಿ ತೇಲಿ ಬಂದವನ ಮಹಜರಿನಲ್ಲಿ ಮಾತ್ರ, ಯಾರೂ ಕಾಣದ ಸಂಗತಿಯನ್ನು ಕಣ್ಣಾರೆ ಕಂಡಂತೆ, ಕಾಲು ಜಾರಿ ಬಿದ್ದು ಎಂದಿರುತ್ತದೆ.

ಅಂತೂ ನಮ್ಮ ಅಭಿಪ್ರಾಯ ಇಷ್ಟು. ಮಹಜರಿನಲ್ಲಿ ಕಂಡದ್ದನ್ನು ಬರೆದ ಭಾಗವನ್ನು ನಂಬಬಹುದು, ಪಂಚರು ನಿಜವಾಗಿ ಕಂಡಿದ್ದರೆ. ಏಕೆ ಸತ್ತನೆಂಬ ಭಾಗವನ್ನು ಪ್ರಶ್ನೆಯೆಂದು ಓದಬೇಕು. ಅದನ್ನು ಉತ್ತರವೆಂದು ಓದುವ ಕಚೇರಿಯೂ, ಬ್ಯಾಂಕೂ, ವಿಮೆಯವರೂ, ಪತ್ರಿಕೆಯೂ ತಪ್ಪುತ್ತಾರೆ. ಮತ್ತು ಮೊದಲ ದಿನದ ಕಾಗದವನ್ನು ನೆಟ್ಟಗೆ ಮಾಡುವ ಶಕ್ತಿ ಬೆಂಗಳೂರಿನಲ್ಲಿಲ್ಲ, ದಿಲ್ಲಿಯಲ್ಲಿಲ್ಲ. ಹೆಣದ ಪಕ್ಕದಲ್ಲಿ ನಿಂತ ಇಬ್ಬರು ನೆರೆಯವರಲ್ಲಿದೆ.

ಉಪಾಧ್ಯಾಯ ಮಿತ್ರರಿಗೆ ಇದನ್ನು ಹೇಳುವುದಕ್ಕೆ ಕಾರಣವಿದೆ. ಊರಿನಲ್ಲಿ ಏನಾದರೂ ಆದರೆ ಠಾಣೆಯವರು ಮೊದಲು ಹುಡುಕುವುದು ನಿಮ್ಮನ್ನೇ. ನೀವು ತಪ್ಪಿಸಿಕೊಂಡರೆ ಅವರ ಜೀಪಿನಲ್ಲಿ ಬಂದವನೇ ಪಂಚನಾಗುತ್ತಾನೆ. ಆದುದರಿಂದ ಹೋಗಿರಿ. ಹೋದಾಗ ದೇಹವನ್ನು ನೀವೇ ನೋಡಿರಿ. ಅದು ಕಷ್ಟ, ನಮಗೆ ಗೊತ್ತು. ಬರೆದದ್ದನ್ನು ಗಟ್ಟಿಯಾಗಿ ಓದಿಸಿರಿ, ಮನೆಯವರಿಗೂ ಕೇಳುವಂತೆ. ಖಾಲಿ ಜಾಗವಿದ್ದರೆ ಗೀಟು ಎಳೆಸಿರಿ. ಹೊಟ್ಟೆನೋವೆಂದು ಅಣ್ಣ ಹೇಳಿದರೆ, ಅಣ್ಣನು ಹೀಗೆ ಹೇಳಿದನು ಎಂದು ಬರೆಯಿಸಿರಿ. ಅದು ನಿಮ್ಮ ಅಭಿಪ್ರಾಯವೆಂಬಂತೆ ಬರೆಯಲು ಬಿಡಬೇಡಿರಿ. ಸಾಲವಿತ್ತೆಂದು ಬೇರೆ ಯಾರಾದರೂ ಹೇಳಿದರೆ ಅದೂ ಬರಲಿ. ಒಪ್ಪದಿದ್ದರೆ ಒಪ್ಪಿಲ್ಲವೆಂದು ರುಜುವಿನ ಮೇಲೆ ಬರೆಯಿರಿ. ಠಾಣೆಯವರು ಮುಖ ಗಂಟಿಕ್ಕಿಯಾರು. ಅವರಲ್ಲಿಯೂ ಒಳ್ಳೆಯವರಿದ್ದಾರೆ, ಓದಿ ರುಜು ಮಾಡುವ ಪಂಚನು ಮುಂದೆ ಕೋರ್ಟಿನಲ್ಲಿ ತಮಗೇ ಆಸರೆಯೆಂಬುದು ಅವರಿಗೆ ತಿಳಿದಿದೆ. ಮನೆಯವರಿಗೆ ಪ್ರತಿಯನ್ನು ಕೇಳಿ ಕೊಡಿಸಿರಿ. ದುಃಖದಲ್ಲಿರುವವರಿಗೆ ಅದರ ನೆನಪೇ ಇರುವುದಿಲ್ಲ. ನೆನಪಾಗುವ ಹೊತ್ತಿಗೆ ಮೂರು ವರ್ಷವಾಗಿರುತ್ತದೆ.

ಆ ಹೆಂಗಸಿನ ಅರ್ಜಿ ಏನಾಯಿತೆಂದು ಕೇಳುವಿರಿ. ನಾವು ಪಂಚರಾಗಿದ್ದುದರಿಂದ ಅವಳ ಪರವಾಗಿ ವಕಾಲತ್ತು ಹಾಕುವಂತಿರಲಿಲ್ಲ. ಸ್ನೇಹಿತರೊಬ್ಬರು ನಡೆಸಿದರು. ನಾವು ಪ್ರಮಾಣಪತ್ರ ಬರೆದುಕೊಟ್ಟೆವು: ಓದದೆ ರುಜು ಮಾಡಿದೆವು, ಹೊಟ್ಟೆನೋವಿನ ಯಾವ ಕುರುಹನ್ನೂ ಕಾಣಲಿಲ್ಲ, ವೈದ್ಯರ ಚೀಟಿಯಾಗಲಿ ಔಷಧಿಯಾಗಲಿ ಅಲ್ಲಿರಲಿಲ್ಲ ಎಂದು. ವಕೀಲರಾದವರಿಗೆ ಅಂಥ ಕಾಗದಕ್ಕೆ ರುಜು ಹಾಕುವುದು ಸುಲಭವಲ್ಲ. ಆ ಸಲ ಓದಿಯೇ ಹಾಕಿದೆವು. ಮತ್ತೆ ಎರಡು ವರ್ಷ ಹಿಡಿಯಿತು. ಹಣ ಬಂತು. ಮಗನನ್ನು ಮದ್ದೂರಿನಲ್ಲಿ ಓದಿಸಿದಳು. ಠಾಣೆಯ ಕಡತದಲ್ಲಿ ಅವನ ತಂದೆ ಇಂದಿಗೂ ಹೊಟ್ಟೆನೋವಿನಿಂದಲೇ ಸತ್ತಿದ್ದಾನೆ.

ಮಹಜರಿನ ಖಾಲಿ ನಮೂನೆಯ ಹತ್ತು ಪ್ರತಿಗಳನ್ನು ತಂದಿದ್ದೇವೆ. ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇಟ್ಟಿದ್ದೇವೆ. ಹೋಗುವಾಗ ಒಂದೊಂದನ್ನು ತೆಗೆದುಕೊಳ್ಳಿರಿ. ಮುಂದಿನ ಭಾನುವಾರ ಬೆಳಿಗ್ಗೆ ಮತ್ತೆ ಬರುತ್ತೇವೆ. ಅದನ್ನು ಸಾಲು ಸಾಲಾಗಿ ಓದೋಣ.